'ನೇಟಿವ್' ಚಿಟ್ಟೆ ತೋಟದ ಬೀಜದ ಪ್ಯಾಕೆಟ್: 5ಕ್ಕೆ 2 ಸ್ಟಾರ್

ಪ್ಯಾಕೆಟ್ ಮೇಲೆ ಚಂದದ ಚಿಟ್ಟೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ನೇಟಿವ್ ವೈಲ್ಡ್‌ಫ್ಲವರ್ ಮಿಕ್ಸ್'. ಒಂದಕ್ಕೆ 349 ರೂಪಾಯಿ, ಎರಡು ತಗೊಂಡರೆ ಡೆಲಿವರಿ ಫ್ರೀ, ಹಾಗಾಗಿ ಎರಡು ತರಿಸಿದೆ. ಕಂಪನಿ ಹೆಸರು ಇಲ್ಲಿ ಬೇಡ. ಇಂಥದ್ದೇ ಪ್ಯಾಕೆಟ್ ಮಾರುವವರು ಹತ್ತಾರು ಮಂದಿ ಇದ್ದಾರೆ, ಚಿತ್ರ ಕೂಡ ಹೆಚ್ಚುಕಡಿಮೆ ಒಂದೇ.

ನಮ್ಮದು ಮಂಗಳೂರಿನ ಹೊರಗಿನ ಸಣ್ಣ ಇಗರ್ಜಿ. ಹಿಂದೆ, ಸಿಮೆಟ್ರಿ ಗೋಡೆಗೆ ತಾಗಿ 5 ಸೆಂಟ್ಸ್ ಜಾಗ ಇದೆ. ಅಲ್ಲಿ ನಮ್ಮ ವಾಳೆಯವರೆಲ್ಲ (ವಾಳೆ ಅಂದರೆ ಇಗರ್ಜಿಯ ವಾರ್ಡು) ಸೇರಿ ಬೆಂಡೆ, ಅಲಸಂಡೆ, ಬದನೆ, ಹರಿವೆ ಬೆಳೆಯುತ್ತೇವೆ. ಆದಿತ್ಯವಾರ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ಮಾರಾಟ. ಈ ವರ್ಷ ಫಾದರ್ ಹೇಳಿದರು, ತರಕಾರಿ ಬದಿಯಲ್ಲಿ ಜೇನು, ಚಿಟ್ಟೆಗೆ ಅಂತ ಊರಿನದೇ ಗಿಡಗಳ ಒಂದು ಸಾಲು ಇರಲಿ, ಮೊಂತಿ ಫೆಸ್ತಿಗೆ ಮಕ್ಕಳಿಗೆ ಹೂವೂ ಆಯಿತು ಎಂದು. ಗೊತ್ತಿಲ್ಲದವರಿಗೆ: ಸೆಪ್ಟೆಂಬರ್ 8ರ ಹಬ್ಬ ಅದು, ಅದಕ್ಕಿಂತ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಹಾಕುತ್ತಾರೆ. ಹಿಂದೆ ಗುಡ್ಡೆ, ಗದ್ದೆ ಬದಿ ಸುತ್ತಿ ಕೊಯ್ದು ತರುತ್ತಿದ್ದೆವು. ಈಗ ಅರ್ಧ ಮಕ್ಕಳ ಬುಟ್ಟಿಯಲ್ಲಿ ಅಂಗಡಿಯ ಸೇವಂತಿಗೆ.

ಬೀಜ ತರಿಸುವ ಕೆಲಸ ನಾನೇ ತಲೆಗೆ ಹಾಕಿಕೊಂಡೆ. ಅದೇ ತಪ್ಪಾಯಿತು.

ಮೊದಲನೇ ಪ್ಯಾಕೆಟ್ ಜೂನ್ ಮೊದಲ ವಾರ, ಅದರ ಹಿಂದೆ ಬರೆದ ಹಾಗೆಯೇ ಮಣ್ಣು ಕೆರೆದು ಮೇಲೆ ಚೆಲ್ಲಿದೆವು. ಬರೆದವರು ನಮ್ಮ ಕಡೆಯ ಮಳೆ ನೋಡಿದವರಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಊರಲ್ಲಿ ಬೀಜ ಮೇಲೆ ಚೆಲ್ಲಿದರೆ ಅದು ತೋಟದಲ್ಲಿ ನಿಲ್ಲುತ್ತದಾ? ಎರಡು ದಿನದಲ್ಲಿ ಎಲ್ಲ ತೋಡಿಗೆ. ಎರಡನೇ ಪ್ಯಾಕೆಟನ್ನು ಬುದ್ಧಿ ಕಲಿತು ಜಗಲಿಯಲ್ಲಿ ಟ್ರೇಗೆ ಹಾಕಿ, ಜುಲೈ ಕೊನೆಗೆ ಸಸಿ ನೆಟ್ಟೆವು. ಮೊಳಕೆ ಚೆನ್ನಾಗಿ ಬಂತು, ಸುಳ್ಳು ಹೇಳುವುದಿಲ್ಲ. ಆ 2 ಸ್ಟಾರ್ ಅದಕ್ಕೇ.

ಹೂ ಬಿಟ್ಟ ಮೇಲೆ ಗೊತ್ತಾಯಿತು. ಕಾಸ್ಮಾಸ್, ಜಿನ್ನಿಯಾ, ಗೈಲಾರ್ಡಿಯಾ, ಚೆಂಡುಹೂ. ಅಷ್ಟೇ. ಕಾಸ್ಮಾಸ್, ಜಿನ್ನಿಯಾದ ಊರು ಮೆಕ್ಸಿಕೋ, ಗೈಲಾರ್ಡಿಯಾ ಅಮೆರಿಕದ್ದು, ನಾವು ಆಯುಧಪೂಜೆಗೆ ಗಾಡಿಗೆಲ್ಲ ಕಟ್ಟುವ ಚೆಂಡುಹೂವೂ ಮೆಕ್ಸಿಕೋದಿಂದಲೇ ಬಂದದ್ದು. ಹೂ ಕೆಟ್ಟದು ಅಂತಲ್ಲ, ನನಗೂ ಇಷ್ಟವೇ. 'ನೇಟಿವ್' ಅಂತ ಬರೆದಿದ್ದಾರಲ್ಲ, ಎಲ್ಲಿಗೆ ನೇಟಿವ್? ಕಂಪನಿಗೆ ಮೇಲ್ ಹಾಕಿದೆ. ಮೊಳಕೆ ಬಂದಿರುವುದರಿಂದ ಹಣ ವಾಪಸ್ ಇಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಚಿಟ್ಟೆ ಬರಲಿಲ್ಲವಾ ಅಂದರೆ ಬಂತು. ಕಾಸ್ಮಾಸ್ ಮೇಲೆ ಕೂತು ಮಕರಂದ ಕುಡಿದು ಹೋಯಿತು. ಹೋಟೆಲಿಗೆ ಬಂದ ಹಾಗೆ, ಉಂಡು ಹೋಗುವುದು, ಸಂಸಾರ ಮಾಡುವುದಿಲ್ಲ. ಚಿಟ್ಟೆ ಮೊಟ್ಟೆ ಇಡಲು ಅದರ ಹುಳು ತಿನ್ನುವ ಎಲೆಯೇ ಬೇಕು. ಎಕ್ಕದ ಎಲೆ ತಿನ್ನುವ ಹುಳುವಿಗೆ ಜಿನ್ನಿಯಾ ಎಲೆ ಕೊಟ್ಟು ಏನು ಪ್ರಯೋಜನ?

ಈಗ ನಾಚಿಕೆಯ ವಿಷಯ. ಈ ಪ್ಯಾಕೆಟಿಗೆ ಜಾಗ ಮಾಡಲು ನಾವು ಮೇ ತಿಂಗಳಲ್ಲಿ ಗೋಡೆ ಬದಿ ಕ್ಲೀನ್ ಮಾಡಿದ್ದೆವು. ಕಿತ್ತು ರಾಶಿ ಹಾಕಿದ್ದರಲ್ಲಿ ಒಂದು ಎಕ್ಕದ ಗಿಡ, ಬೇಲಿಯ ಕೇಪುಳ, ಗುಡ್ಡೆ ಕಡೆಯ ನೆಕ್ಕರಿಕದ ಪೊದೆ ಎಲ್ಲ ಇತ್ತು. ವಾಳೆಯ ಹಿರಿಯ ಹೆಂಗಸೊಬ್ಬರು, ಎಲ್ಲರೂ 'ಬಾಯಿ' ಅಂತಲೇ ಕರೆಯುವುದು, ಆವತ್ತೇ ಕೇಳಿದ್ದರು: "ನೆಕ್ಕರಿಕ ಯಾಕೆ ತೆಗೆದದ್ದು ಮಗಾ? ಅದರ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡು ನಾವು ಶಾಲೆಗೆ ಹೋದದ್ದು." ನಾನು ನಕ್ಕು, "ಒಳ್ಳೆ ಗಿಡ ಬರ್ತದೆ ಬಾಯಿ, ಆರ್ಡರ್ ಮಾಡಿದ್ದೇನೆ" ಅಂದೆ.

ಪುಣ್ಯಕ್ಕೆ ಬೇರು ಪೂರ್ತಿ ಹೋಗಿರಲಿಲ್ಲ. ಮಳೆಗೆ ನೆಕ್ಕರಿಕ ಮತ್ತೆ ಚಿಗುರಿ ಹೂ ಬಿಟ್ಟಿತು. ಒಂದು ದಿನ ಬೆಳಿಗ್ಗೆ ಹತ್ತಿರ ಕೂತು ನೋಡಿದೆ. ನೇರಳೆ ಹೂವಿಗೆ ದೊಡ್ಡ ಕಪ್ಪು ದುಂಬಿ ಬಂದು ಅಪ್ಪಿ ಹಿಡಿಯಿತು. ರೆಕ್ಕೆ ಅಲ್ಲಾಡಲಿಲ್ಲ, ಆದರೂ ಝುಂಯ್ ಎಂದು ಸದ್ದು, ಹೂವಿಡೀ ನಡುಗಿತು. ಈ ಹೂವಿನ ಪರಾಗ ಸುಮ್ನೆ ಉದುರುವುದಿಲ್ಲ. ಉಪ್ಪಿನ ಡಬ್ಬಿ ತರ ತುದಿಯಲ್ಲಿ ಸಣ್ಣ ತೂತು, ಅಲ್ಲಾಡಿಸಿದರೆ ಮಾತ್ರ ಹೊರಗೆ. ಬದನೆ ಹೂವೂ ಹೀಗೆಯೇ. ಪೆಟ್ಟಿಗೆಯ ತುಡುವೆ ಜೇನಿಗೆ ಈ ನಡುಗಿಸುವ ವಿದ್ಯೆ ಗೊತ್ತಿಲ್ಲ. ದುಂಬಿಗೆ, ನೀಲಿ ಪಟ್ಟೆಯ ಜೇನಿಗೆ ಗೊತ್ತು. ಅಂದರೆ ನಮ್ಮ ಬದನೆ ಸಾಲಿನ ಕೆಲಸದವರು ನಾವು ಕಿತ್ತ ಪೊದೆಯಲ್ಲೇ ಊಟ ಮಾಡುತ್ತಿದ್ದರು.

ಆಮೇಲೆ ಗಿಡ ತಂದದ್ದು ಹೈವೇ ಬದಿಯ ಒಂದು ಸಣ್ಣ ನರ್ಸರಿಯಿಂದ. ಅದಕ್ಕೆ 4 ಸ್ಟಾರ್. ಈಶ್ವರ ಬಳ್ಳಿ 60 ರೂಪಾಯಿ, ಕರಿಬೇವು 30, ಕೇಪುಳ 40. ನರ್ಸರಿಯ ಅಣ್ಣ ಎಲ್ಲವನ್ನೂ ಊರ ಹೆಸರಲ್ಲೇ ಹೇಳಿದರು, ಬೇರು ಸುತ್ತಿಕೊಂಡ ಗಿಡ ಬೇಡ ಎಂದು ತಾವೇ ಬದಲಿಸಿ ಕೊಟ್ಟರು. 1 ಸ್ಟಾರ್ ಕಡಿಮೆ ಯಾಕೆಂದರೆ 'ಚಿಟ್ಟೆಗೆ ಇದಕ್ಕಿಂತ ಒಳ್ಳೆಯದಿಲ್ಲ' ಎಂದು ಲಂಟಾನಾ ಕಟ್ಟಲು ನೋಡಿದರು. ಬಂಡೀಪುರದ ಕಾಡನ್ನೇ ನುಂಗುತ್ತಿರುವ ಗಿಡ ಅದು, ಸಿಮೆಟ್ರಿ ಪಕ್ಕ ನಾನು ಬೇರೆ ನೆಡಬೇಕಾ?

ಈಶ್ವರ ಬಳ್ಳಿಗೆ ರೋಸ್ ಚಿಟ್ಟೆ ಬಂದು ಮೊಟ್ಟೆ ಇಟ್ಟಿದೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳುವಿಗೂ ಇದೇ ಬಳ್ಳಿ. ಅದು ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ. ಕರಿಬೇವಿನದ್ದು ಬೇರೆ ಕತೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂದುಕೊಂಡದ್ದು ಮಾರ್ಮನ್ ಚಿಟ್ಟೆಯ ಮರಿಹುಳು. ವಾರದಲ್ಲಿ ಹಸಿರಾಗಿ ದಪ್ಪವಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡುತ್ತದೆ. ಮಕ್ಕಳಿಗೆ ಕ್ಯಾಟೆಕಿಸಂ ಕ್ಲಾಸಿಗಿಂತ ಇದೇ ಇಷ್ಟವಾಗಿದೆ. ಸಾರಿಗೆ ಒಗ್ಗರಣೆ ಹಾಕಲು ಎಲೆ ಉಳಿದಿಲ್ಲ ಎಂದು ಸಿಸ್ಟರ್ ದೂರು ಕೊಟ್ಟಿದ್ದಾರೆ, ಅವರಿಗೆಂದೇ ಬೇರೆ ಗಿಡ ತಂದು ಕೊಡಬೇಕಾಯಿತು.

ದುಡ್ಡು ಕೊಡದೆ ಸಿಕ್ಕಿದ್ದನ್ನೂ ಹೇಳಿಬಿಡುತ್ತೇನೆ. ಗಂಟೆ ಗೋಪುರದ ಕೆಳಗೆ ಮುರಕಲ್ಲಿನ ಸಂದಿಯಲ್ಲಿ ಬೆರಳು ಗಾತ್ರದ ಮೇಣದ ಕೊಳವೆ ಇದೆ, ಮುಜಂಟಿ ಜೇನಿನ ಬಾಗಿಲು. ಕುಟುಕುವುದಿಲ್ಲ. ಗೋಡೆಗೆ ಸಿಮೆಂಟ್ ಗಾರೆ ಮಾಡುವಾಗ ಆ ಜಾಗ ಬಿಡಲು ಮೇಸ್ತ್ರಿಯನ್ನು ಒಪ್ಪಿಸಿದ್ದೇವೆ. ಒಪ್ಪಿಸಿದ್ದು ಫಾದರ್. ನಮ್ಮ ತುಡುವೆ ಜೇನಿಗೆ ಹೊಂದುವ ಪೆಟ್ಟಿಗೆ ಮಾಡಿದ್ದು ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ಅಂತೆ, 1911ರಿಂದ 1917ರವರೆಗೆ ಅವರು ಜೇನು ಸಾಕಣೆ ಕಲಿಸಿದರು, ಈಗಲೂ ಅದಕ್ಕೆ ನ್ಯೂಟನ್ ಪೆಟ್ಟಿಗೆ ಅಂತಲೇ ಹೆಸರು. ಅದನ್ನು ಹೇಳಿಯೇ ಮೇಸ್ತ್ರಿಯ ಬಾಯಿ ಮುಚ್ಚಿಸಿದರು.

ಹಬ್ಬದ ಬುಟ್ಟಿಗೆ ಕೊನೆಗೆ ಹೋದದ್ದು ಕೇಪುಳ, ತುಂಬೆ, ಮತ್ತೆ ಬಾಯಿ ಮನೆ ಅಂಗಳದಿಂದ ತಂದು ನೆಟ್ಟ ಕರ್ಣಕುಂಡಲ. ಕೊಯ್ಯುವುದು ಅರ್ಧ ಮಾತ್ರ, ಉಳಿದರ್ಧ ಜೇನಿಗೆ ಎಂದು ಮಕ್ಕಳಿಗೆ ಕಟ್ಟಪ್ಪಣೆ. ಈಗ ಕರ್ಣಕುಂಡಲದ ಕಾಯಿ ಬಲಿತಿದೆ, ಮುಟ್ಟಿದರೆ ಪಟ್ ಎಂದು ಸಿಡಿಯುತ್ತದೆ, ಅದನ್ನು ಸಿಡಿಸಲೆಂದೇ ಮಕ್ಕಳು ಪೂಜೆಗೆ ಬೇಗ ಬರುತ್ತಿದ್ದಾರೆ. ಸಿಡಿದು ಉಳಿದ ಬೀಜ ಹಾರ್ಲಿಕ್ಸ್ ಬಾಟ್ಲಿಯಲ್ಲಿ ತುಂಬಿಸಿಟ್ಟಿದ್ದೇನೆ. ಬೇಕಾದವರು ಕೇಳಿ, 349 ರೂಪಾಯಿ ಕೊಡುವುದೇನೂ ಬೇಡ.