ಬುದ್ಧ ಸರ್ಕ್ಯೂಟಿನ ಕೊನೆಯ ಫಾರ್ಮುಲಾ ಒನ್ ಗ್ರ್ಯಾನ್ ಪ್ರಿ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

ಗ್ರೇಟರ್ ನೋಯ್ಡಾದಲ್ಲಿ 2013ರ ಅಕ್ಟೋಬರ್ 27ರಂದು ನಡೆದ ಫಾರ್ಮುಲಾ ಒನ್ ಕಾರ್ ಓಟ ಇಂಡಿಯನ್ ಗ್ರ್ಯಾನ್ ಪ್ರಿ, ಪೈಪೋಟಿಯ ದೃಷ್ಟಿಯಿಂದ ನೋಡಿದರೆ, ಟಿಕೆಟಿನ ಬೆಲೆಗೆ ಅರ್ಧ ನ್ಯಾಯವನ್ನಷ್ಟೇ ಒದಗಿಸಿತು. ಏಕೆಂದರೆ ಮೊದಲ ಸ್ಥಾನದಿಂದ ಹೊರಟ ರೆಡ್ ಬುಲ್ ತಂಡದ ಚಾಲಕ ಸೆಬಾಸ್ಟಿಯನ್ ವೆಟ್ಟೆಲ್, ಬೇಗ ಸವೆಯುವ ಮೆದು ಟೈರುಗಳನ್ನು ಎರಡನೆಯ ಸುತ್ತಿನಲ್ಲೇ ಬದಲಿಸಿ ಹಿಂದಕ್ಕೆ ಜಾರಿದರೂ, 60 ಸುತ್ತು ಮುಗಿಯುವ ಹೊತ್ತಿಗೆ ಸುಮಾರು ಅರ್ಧ ನಿಮಿಷ ಮುಂದಿದ್ದರು. ನಿಜವಾದ ಸ್ವಾರಸ್ಯವಿದ್ದದ್ದು ಹಿಂದಿನ ಸಾಲುಗಳಲ್ಲಿ. 17ನೆಯ ಸ್ಥಾನದಿಂದ ಹೊರಟ ರೊಮೆ ಗ್ರೋಜಾನ್ ಒಂದೇ ಬಾರಿ ಟೈರು ಬದಲಿಸಿ ಮೂರನೆಯವರಾದದ್ದು, ನನ್ನ ಮಟ್ಟಿಗೆ, ಇಡೀ ವಾರಾಂತ್ಯದ ಅತ್ಯುತ್ತಮ ಓಟ. ನಾಲ್ಕನೆಯ ವಿಶ್ವಪಟ್ಟವನ್ನು ಅಲ್ಲೇ ಖಚಿತಪಡಿಸಿಕೊಂಡ ವೆಟ್ಟೆಲ್, ನಿಯಮ ಮುರಿದು ಮುಖ್ಯ ಸ್ಟ್ಯಾಂಡಿನ ಮುಂದೆಯೇ ಕಾರನ್ನು ಗಿರಗಿರನೆ ತಿರುಗಿಸಿ, ಕೆಳಗಿಳಿದು ಅದಕ್ಕೆ ನಮಸ್ಕರಿಸಿದರು; ತಂಡಕ್ಕೆ 25,000 ಯೂರೋ ದಂಡ ಬಿತ್ತು, ಆ ಸ್ಟ್ಯಾಂಡಿನವರಿಗೆ ಮಾತ್ರ ಆ ನೋಟ ಪುಕ್ಕಟೆ ದೊರೆಯಿತು.