ಇಂಕ್‌ಸ್ಕೇಪ್ ಬಹಳ ವರ್ಷ ಬಳಸಿದ ಮೇಲೆ: ಬೇರೆಯವರ ಫೈಲ್ ತೆಗೆಯೋಕೆ, ನಮ್ಮ ಫೈಲ್ ಪ್ರೆಸ್‌ಗೆ ಕಳಿಸೋಕೆ ಎಷ್ಟು ನಂಬಬಹುದು?

ಇಂಕ್‌ಸ್ಕೇಪ್ ಅನ್ನೋ ಉಚಿತ ಡ್ರಾಯಿಂಗ್ ಸಾಫ್ಟ್‌ವೇರ್ ಬಗ್ಗೆ ಬರೆಯೋರೆಲ್ಲ ಅದರಲ್ಲಿ ಏನೇನು ಡ್ರಾಯಿಂಗ್ ಮಾಡಬಹುದು ಅಂತಾನೇ ಬರೀತಾರೆ. ನನ್ನಂಥ ಡಿಟಿಪಿ ಮಾಡೋರಿಗೆ ಅದು ಅರ್ಧ ಕೆಲಸ ಅಷ್ಟೆ. ಉಳಿದರ್ಧ ಏನಪ್ಪಾ ಅಂದ್ರೆ, ಪಾರ್ಟಿ (ಕೆಲಸ ಕೊಡೋರು) ಯಾವುದೋ ಕಾಲದ ಸಿಡಿಆರ್ ಫೈಲ್ (ಕೋರಲ್‌ಡ್ರಾ ಸಾಫ್ಟ್‌ವೇರ್‌ದು) ವಾಟ್ಸಾಪ್‌ನಲ್ಲಿ ಹಾಕ್ತಾರೆ, ಲೋಗೋ ಎಐನಲ್ಲಿ (ಅಡೋಬಿ ಇಲ್ಲಸ್ಟ್ರೇಟರ್ ಫೈಲ್) ಇರುತ್ತೆ, ಗಣಪತಿ ಚಿತ್ರ ಇಪಿಎಸ್ ಅನ್ನೋ ಹಳೇ ಪ್ರಿಂಟ್ ಫಾರ್ಮ್ಯಾಟ್‌ನಲ್ಲಿ, ಲೇಸರ್ ಕಟಿಂಗ್‌ನವರು ಡಿಎಕ್ಸ್‌ಎಫ್ (ಕಟಿಂಗ್ ಮೆಷಿನ್ ಓದೋ ಫೈಲ್) ಕೇಳ್ತಾರೆ, ಪ್ರೆಸ್‌ನವರು "ಕರ್ವ್ ಮಾಡಿ ಕಳಿಸಿ ಸಾರ್" (ಅಕ್ಷರಾನ ಫಾಂಟ್ ಬೇಡದ ಬರೀ ಆಕಾರ ಮಾಡಿ) ಅಂತಾರೆ, ಇಷ್ಟೂ ಜನರ ಮಧ್ಯೆ ನಿಂತು ಫೈಲ್ ತಗೊಳ್ಳೋದು, ಕೊಡೋದು. ಲಗ್ನಪತ್ರಿಕೆ, ಫ್ಲೆಕ್ಸ್, ನೇಮ್‌ಬೋರ್ಡ್ ಇದೇ ನನ್ನ ಕೆಲಸ, ಮನೆಯಿಂದಾನೇ ಮಾಡ್ತೀನಿ. ಇಂಕ್‌ಸ್ಕೇಪ್ 0.48 ಇದ್ದಾಗಿಂದ ಈಗಿನ 1.4 ತನಕ ಬಿಡದೆ ಬಳಸ್ತಿದೀನಿ, ಹಾಗಾಗಿ ಫೈಲ್ ಒಳಗೆ ಬರೋದು, ಹೊರಗೆ ಹೋಗೋದು ಎರಡನ್ನೇ ಇಟ್ಕೊಂಡು ಬರೀತೀನಿ.

ಮೊದಲೇ ಹೇಳಿಬಿಡ್ತೀನಿ, ಫೈಲ್ ಓಪನ್ ಆಯ್ತು ಅಂದ ಮಾತ್ರಕ್ಕೆ ಅದು ಸರಿಯಾಗಿ ಬಂತು ಅಂತಲ್ಲ. ಎರರ್ ಕೊಟ್ಟು ನಿಂತ್ರೆ ಎಷ್ಟೋ ವಾಸಿ, ಬೇರೆ ದಾರಿ ಹುಡುಕ್ತೀವಿ. ಸದ್ದಿಲ್ಲದೆ ಸೈಜ್ ಬದಲಾಗಿ, ಒಂದು ಒತ್ತಕ್ಷರ ಜರುಗಿ, ಕಪ್ಪು ಬಣ್ಣ ಬೇರೆ ಥರ ಕಪ್ಪಾಗಿ ಬರುತ್ತಲ್ಲ, ಅದೇ ತಲೆನೋವು.

ಸೈಜ್‌ನಿಂದ ಶುರು ಮಾಡೋಣ. ಹಳೇ ಇಂಕ್‌ಸ್ಕೇಪ್ 1 ಇಂಚಿಗೆ 90 ಪಿಕ್ಸೆಲ್ ಲೆಕ್ಕ ಹಿಡೀತಿತ್ತು. 2017ರಲ್ಲಿ ಬಂದ 0.92ರಲ್ಲಿ ಅದನ್ನ 96 ಮಾಡಿದ್ರು, ವೆಬ್ ಬ್ರೌಸರ್‌ಗಳ ಲೆಕ್ಕ 96 ಇದೆ ಅಂತ. ನಿರ್ಧಾರ ಸರೀನೇ, ಆದ್ರೆ ಹಳೇ ಫೈಲ್‌ಗಳ ಕಥೆ? 7 ಇಂಚು 5 ಇಂಚಿನ ಕಾರ್ಡು ಹಳೇ ಲೆಕ್ಕದಲ್ಲಿ 630 ಬೈ 450 ಪಿಕ್ಸೆಲ್, ಅದನ್ನೇ 96ರಿಂದ ಭಾಗಿಸಿದ್ರೆ ಅಗಲ 6.56 ಇಂಚು, ಎತ್ತರ 4.69. ಕಣ್ಣಿಗೆ ಗೊತ್ತೇ ಆಗಲ್ಲ, ಕಾರ್ಡ್ ಮೇಲೆ ಇಟ್ಟು ನೋಡಿದ್ರೆ ಮಾತ್ರ ಮಾರ್ಜಿನ್ ತಪ್ಪಿರುತ್ತೆ. ಹಳೇ ಫೈಲ್ ತೆಗೆದಾಗ ಇಂಕ್‌ಸ್ಕೇಪ್ ಒಂದು ಡಬ್ಬಿ ತೋರಿಸಿ, ಇದು ಪ್ರಿಂಟ್‌ಗಾ ಸ್ಕ್ರೀನ್‌ಗಾ ಅಂತ ಕೇಳುತ್ತೆ. ದಯವಿಟ್ಟು ಅದನ್ನ ಓದದೆ ಓಕೆ ಒತ್ತಬೇಡಿ.

ಇಲ್ಲಸ್ಟ್ರೇಟರ್ ಕಡೆಯಿಂದ ಬರೋ ಎಸ್‌ವಿಜಿ (ಇಂಕ್‌ಸ್ಕೇಪ್ ಸೇವ್ ಮಾಡೋದೂ ಇದೇ ಫಾರ್ಮ್ಯಾಟ್‌ನಲ್ಲಿ) ಇದಕ್ಕಿಂತ ಮಜಾ. ಅಲ್ಲಿ 1 ಇಂಚು ಅಂದ್ರೆ 72 ಪಾಯಿಂಟ್, ಎಸ್‌ವಿಜಿಗೆ ಹೋಗುವಾಗ ಅದೇ 72 ಪಿಕ್ಸೆಲ್ ಆಗುತ್ತೆ, ಇಂಕ್‌ಸ್ಕೇಪ್ ಅದನ್ನ 96ರ ಲೆಕ್ಕದಲ್ಲಿ ಓದುತ್ತೆ, ಹೀಗಾಗಿ ಬಂದಿದ್ದೆಲ್ಲ ಮುಕ್ಕಾಲು ಸೈಜ್. 300 ಮಿಲಿಮೀಟರ್ ನೇಮ್‌ಬೋರ್ಡ್ 225 ಆಗಿ ಕೂತಿರುತ್ತೆ. ಎರಡೂ ಸಾಫ್ಟ್‌ವೇರ್ ತಮ್ಮ ತಮ್ಮ ಲೆಕ್ಕದಲ್ಲಿ ಸರಿ, ಆದ್ರೆ ಅಕ್ರಿಲಿಕ್ ಶೀಟ್ ಕಟ್ ಆದ್ಮೇಲೆ ಆ ವಾದ ಯಾರಿಗೂ ಬೇಡ. ಎಲ್ಲಾನೂ ಸೆಲೆಕ್ಟ್ ಮಾಡಿ 133.33 ಪರ್ಸೆಂಟ್ ಸ್ಕೇಲ್ ಮಾಡಿದ್ರೆ ಸರಿಹೋಗುತ್ತೆ. ಇನ್ನೂ ಒಳ್ಳೇದು ಅಂದ್ರೆ ಕಳಿಸೋರಿಗೆ ಹೇಳಿ ಪಿಡಿಎಫ್ ತರಿಸ್ಕೊಳ್ಳೋದು, ಪಿಡಿಎಫ್‌ನಲ್ಲಿ ಅಳತೆ ತಪ್ಪಲ್ಲ.

ಸಿಡಿಆರ್ ವಿಷಯಕ್ಕೆ ಬಂದ್ರೆ, ನಮ್ಮ ಕಡೆ ಪ್ರೆಸ್‌ಗಳಲ್ಲಿ ಕೋರಲ್‌ಡ್ರಾನೇ ರಾಜ, ಅದೂ ಹಳೇ ವರ್ಷನ್‌ಗಳು. ಇಂಕ್‌ಸ್ಕೇಪ್ ಅದನ್ನ ಲಿಬ್‌ಸಿಡಿಆರ್ ಅನ್ನೋ ಲೈಬ್ರರಿ ಮೂಲಕ ಓದುತ್ತೆ, ಲಿಬ್ರೆಆಫೀಸ್ ಡ್ರಾ ಕೂಡ ಅದನ್ನೇ ಬಳಸೋದು. ಸಿಡಿಆರ್ ಫಾರ್ಮ್ಯಾಟ್‌ನ ಕಂಪನಿ ಬಹಿರಂಗವಾಗಿ ಕೊಟ್ಟಿದ್ದಲ್ಲ, ಹೊರಗಿನ ಡೆವಲಪರ್‌ಗಳು ಫೈಲ್ ಬಿಚ್ಚಿ ಬಿಚ್ಚಿ ನೋಡಿ ಅರ್ಥ ಮಾಡ್ಕೊಂಡಿದ್ದು, ಅದನ್ನ ನೆನೆಸ್ಕೊಂಡ್ರೆ ಇಷ್ಟು ಓಪನ್ ಆಗೋದೇ ಆಶ್ಚರ್ಯ. ಬಾರ್ಡರ್, ಕಲಶ, ಓಂ, ಲೋಗೋ ಇಂಥ ಸಾದಾ ಶೇಪ್‌ಗಳು ನೀಟಾಗಿ ಬರ್ತವೆ. ಪವರ್‌ಕ್ಲಿಪ್, ಲೆನ್ಸ್, ಡ್ರಾಪ್ ಶ್ಯಾಡೋ ಥರದ ಕೋರಲ್ ಎಫೆಕ್ಟ್ ಇದ್ರೆ ನಂಬಬೇಡಿ, ಬಂದ್ರೆ ಲಾಭ. ಮುಖ್ಯವಾದ್ದು, ಓದುತ್ತೆ ಅಷ್ಟೆ, ಸಿಡಿಆರ್ ಆಗಿ ಸೇವ್ ಮಾಡಲ್ಲ. ಪ್ರೆಸ್‌ನವರು ಸಿಡಿಆರೇ ಬೇಕು ಅಂತ ಹಠ ಹಿಡಿದ್ರೆ ಪಿಡಿಎಫ್ ಕೊಟ್ಟು ಅವರ ಕೋರಲ್‌ನಲ್ಲೇ ಇಂಪೋರ್ಟ್ ಮಾಡ್ಕೊಳ್ಳಿ ಅನ್ನಬೇಕು. ಮೊದಲು ಗೊಣಗ್ತಾರೆ, ಒಂದು ಸಲ ಸರಿ ಬಂದ್ಮೇಲೆ ಸುಮ್ಮನಾಗ್ತಾರೆ.

ಎಐ ಫೈಲ್ ನನಗೆ ಇದಕ್ಕಿಂತ ಸುಲಭ ಅನ್ಸುತ್ತೆ, ಯಾಕಂದ್ರೆ ಇಲ್ಲಸ್ಟ್ರೇಟರ್ 9ರಿಂದ ಈಚೆಗೆ ಎಐ ಒಳಗೆ ಪಿಡಿಎಫ್ ಕೂತಿರುತ್ತೆ, ಇಂಕ್‌ಸ್ಕೇಪ್ ಆ ಪಿಡಿಎಫ್‌ನೇ ಓದೋದು. ಸೇವ್ ಮಾಡಿದವರು ಪಿಡಿಎಫ್ ಕಂಪ್ಯಾಟಿಬಲ್ ಅನ್ನೋ ಟಿಕ್ ತೆಗೆದಿದ್ರೆ ಮಾತ್ರ ಡಿಸೈನ್ ಬದಲು "ಇದನ್ನ ಪಿಡಿಎಫ್ ಇಲ್ಲದೆ ಸೇವ್ ಮಾಡಿದಾರೆ" ಅನ್ನೋ ಅರ್ಥದ ಇಂಗ್ಲಿಷ್ ಒಕ್ಕಣೆ ಇರೋ ಪುಟ ಬರುತ್ತೆ. ಫೈಲ್ ಹಾಳಾಗಿಲ್ಲ, ಮತ್ತೆ ಟಿಕ್ ಹಾಕಿ ಕಳಿಸಿ ಅಂದ್ರೆ ಆಯ್ತು. ಇಪಿಎಸ್‌ಗೆ ವಿಂಡೋಸ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಹಾಕ್ಕೋಬೇಕು, ಅದರ ಬಿನ್ ಫೋಲ್ಡರ್‌ನ ವಿಂಡೋಸ್‌ನ ಪಾತ್ ಸೆಟ್ಟಿಂಗ್‌ಗೆ ಸೇರಿಸ್ಬೇಕು, ಹೊಸಬರು ಇಲ್ಲೇ ಕೈಚೆಲ್ಲೋದು.

ಈಗ ಅಸಲಿ ವಿಷಯ, ಕನ್ನಡ ಅಕ್ಷರ.

ನುಡಿ, ಬರಹ ಕಾಲದ ಹಳೇ ಫಾಂಟ್‌ಗಳಲ್ಲಿ ಕಂಪೋಸ್ ಮಾಡಿದ ಮ್ಯಾಟರ್ ಫೈಲ್ ಒಳಗೆ ಕನ್ನಡವೇ ಅಲ್ಲ. ಒಳಗಿರೋದು ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ, ಫಾಂಟ್ ಹಾಕಿದಾಗ ಮಾತ್ರ ಅದು ಕನ್ನಡದ ವೇಷ ಹಾಕುತ್ತೆ. ಆ ಫಾಂಟ್ ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲ ಅಂದ್ರೆ ಸಿಡಿಆರ್ ತೆಗೆದ ತಕ್ಷಣ ವಧೂ-ವರರ ಹೆಸರಿನ ಜಾಗದಲ್ಲಿ ಫ್ರೆಂಚೋ ಪೋರ್ಚುಗೀಸೋ ಅನ್ನೋ ಥರ ಏನೋ ಕಾಣುತ್ತೆ. ಫಾಂಟ್ ಹಾಕಿದ್ರೂ ಒತ್ತಕ್ಷರ ಒಂದೆರಡು ಕೂದಲೆಳೆ ಆಚೀಚೆ ಆಗಿರುತ್ತೆ. ಯೂನಿಕೋಡ್‌ನಲ್ಲಿ (ಕನ್ನಡವನ್ನ ಫೈಲ್ ಒಳಗೆ ಕನ್ನಡವಾಗೇ ಇಡೋ ಈಗಿನ ಪದ್ಧತಿ) ಮಾತ್ರ ಇಂಕ್‌ಸ್ಕೇಪ್ ನಿಜಕ್ಕೂ ಚೆನ್ನಾಗಿದೆ. ಅದು ಅಕ್ಷರ ಜೋಡಿಸೋಕೆ ಬಳಸೋದು ಪ್ಯಾಂಗೋ ಮತ್ತು ಹಾರ್ಫ್‌ಬಜ್ ಅನ್ನೋ ಲೈಬ್ರರಿಗಳನ್ನ, ಹಾಗಾಗಿ "ಸ್ತ್ರೀ", "ರಾಷ್ಟ್ರ", "ಜ್ಯೋತ್ಸ್ನಾ" ಎಲ್ಲ ಒಂದೇ ಏಟಿಗೆ ಸರಿಯಾಗಿ ಕೂರ್ತವೆ. ಕೋರಲ್‌ನಲ್ಲಿ ಓಪನ್‌ಟೈಪ್ (ಒತ್ತು, ದೀರ್ಘ ಜೋಡಿಸೋ ನಿಯಮ ಫಾಂಟ್ ಒಳಗೇ ಇರೋ ಪದ್ಧತಿ) ಸರಿಯಾಗಿ ಬಂದಿದ್ದೇ 2012ರ ಎಕ್ಸ್6ರಲ್ಲಿ, ಅದಕ್ಕಿಂತ ಹಳೇದಿಟ್ಕೊಂಡಿರೋ ಅಂಗಡಿಗೆ ಯೂನಿಕೋಡ್ ಟೆಕ್ಸ್ಟ್ ಹಾಗೇ ಕೊಟ್ರೆ ಒತ್ತು ಒಂದು ಕಡೆ ದೀರ್ಘ ಒಂದು ಕಡೆ. ಅದಕ್ಕೇ ಅವರು ಕರ್ವ್ ಕರ್ವ್ ಅಂತ ಬಡ್ಕೊಳ್ಳೋದು, ಅದರಲ್ಲಿ ಅವರ ತಪ್ಪಿಲ್ಲ.

ಕರ್ವ್ ಮಾಡೋಕೆ ಇಲ್ಲಿ ಕಂಟ್ರೋಲ್ ಶಿಫ್ಟ್ ಸಿ. ಪಿಡಿಎಫ್ ಸೇವ್ ಮಾಡುವಾಗ ಟೆಕ್ಸ್ಟ್‌ನ ಪಾತ್ (ಕರ್ವ್‌ಗೆ ಇಲ್ಲಿನ ಹೆಸರು) ಮಾಡು ಅನ್ನೋ ಆಯ್ಕೆನೂ ಇದೆ, ನಾನು ಅದನ್ನೇ ಬಳಸೋದು, ಮೂಲ ಎಸ್‌ವಿಜಿಯಲ್ಲಿ ಟೆಕ್ಸ್ಟ್ ಹಾಗೇ ಉಳಿಯುತ್ತೆ, ನಾಳೆ ಮುಹೂರ್ತದ ಟೈಮು ಬದಲಾದ್ರೆ ಮತ್ತೆ ಟೈಪ್ ಮಾಡೋ ಕರ್ಮ ಇಲ್ಲ. ಆದ್ರೆ ಸ್ಟಿಕ್ಕರ್ ಕಟಿಂಗ್‌ಗೆ ಕೊಡೋದಾದ್ರೆ ಇಷ್ಟು ಸಾಲಲ್ಲ. ಕನ್ನಡ ಫಾಂಟ್‌ಗಳಲ್ಲಿ ಅಕ್ಷರ, ಒತ್ತು, ದೀರ್ಘ ಬೇರೆ ಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತೆ. "ಶ್ರೀ" ಬರೆದು ಕರ್ವ್ ಮಾಡಿ ಫಿಲ್ ತೆಗೆದು ಬರೀ ಔಟ್‌ಲೈನ್ ನೋಡಿ, ಕೆಳಗಿನ ರ-ವತ್ತು ಶ ಒಳಗೆ ನುಗ್ಗಿರೋದು ಕಾಣುತ್ತೆ. ಪ್ರಿಂಟ್‌ನಲ್ಲಿ ಕಪ್ಪು ಮೇಲೆ ಕಪ್ಪು, ಏನೂ ಗೊತ್ತಾಗಲ್ಲ. ಪ್ಲಾಟರ್ ಬ್ಲೇಡ್ ಮಾತ್ರ ಆ ಗೆರೆ ಮೇಲೂ ನಡೆದು ಅಕ್ಷರದ ಮಧ್ಯೆಯೇ ವಿನೈಲ್ ಸೀಳುತ್ತೆ. ಕರ್ವ್ ಆದ್ಮೇಲೆ ಅನ್‌ಗ್ರೂಪ್ ಮಾಡಿ ಒಂದೊಂದು ಪದಕ್ಕೂ ಯೂನಿಯನ್ ಕೊಡಿ, ಆಮೇಲೆ ಔಟ್‌ಲೈನ್ ಮೋಡ್‌ನಲ್ಲಿ ಒಂದು ಸುತ್ತು ನೋಡಿ. ಡಿಎಕ್ಸ್‌ಎಫ್‌ಗೂ ಇದೇ, ಜೊತೆಗೆ ಸೇವ್ ಡಬ್ಬಿಯಲ್ಲಿ ಯೂನಿಟ್ ಮಿಲಿಮೀಟರ್ ಇದೆಯಾ ಅಂತ ನೋಡ್ಕೊಳ್ಳಿ.

ಪಿಡಿಎಫ್ ಒಳಗೆ ತರೋದು 1.3ರಿಂದ ಬಹಳ ಸುಧಾರಿಸಿದೆ, ಯಾವ ಫಾಂಟ್ ನಿಮ್ಮ ಹತ್ರ ಇದೆ, ಯಾವುದಿಲ್ಲ ಅಂತ ಇಂಪೋರ್ಟ್ ಮಾಡುವಾಗಲೇ ತೋರಿಸುತ್ತೆ. ಕನ್ನಡ ಪಿಡಿಎಫ್ ಆದ್ರೆ ಟೆಕ್ಸ್ಟ್ ಆಗಿ ತರಿಸೋ ಆಸೆ ಬಿಡಿ, ಶೇಪ್ ಆಗೇ ತನ್ನಿ. ಬಹುಪುಟ 1.2ರಲ್ಲಿ ಬಂತು, ನಾಲ್ಕು ಪುಟದ ಲಗ್ನಪತ್ರಿಕೆ ಈಗ ಒಂದೇ ಫೈಲ್‌ನಲ್ಲಿ ಆಗುತ್ತೆ, ಅದಕ್ಕೆ ಮುಂಚೆ ಪುಟಕ್ಕೊಂದು ಫೈಲ್ ಮಾಡಿ ಜೋಡಿಸ್ತಿದ್ವಿ.

ಬಣ್ಣದ ವಿಷಯದಲ್ಲಿ ನನ್ನ ಮಾರ್ಕ್ಸ್ ಕಮ್ಮಿ. ಇಂಕ್‌ಸ್ಕೇಪ್ ಕೊಡೋ ಪಿಡಿಎಫ್ ಆರ್‌ಜಿಬಿ, ಅಂದ್ರೆ ಸ್ಕ್ರೀನ್‌ನ ಕೆಂಪು-ಹಸಿರು-ನೀಲಿ ಲೆಕ್ಕ. ಅದರ ಕಪ್ಪು ಪ್ರೆಸ್‌ನಲ್ಲಿ ಸಿಎಂವೈಕೆ (ನಾಲ್ಕು ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು) ಆಗುವಾಗ ಬರೀ ಕೆ 100, ಅಂದ್ರೆ ಕಪ್ಪು ಇಂಕ್ ಒಂದೇ, ಆಗಲ್ಲ, ಸಾಮಾನ್ಯ ಪ್ರೊಫೈಲ್‌ನಲ್ಲಿ ಸಿ 75, ಎಂ 68, ವೈ 67, ಕೆ 90 ಹೀಗೆ ನಾಲ್ಕೂ ಪ್ಲೇಟ್‌ನಲ್ಲಿ ಕೂರುತ್ತೆ. ರಿಜಿಸ್ಟ್ರೇಷನ್ (ಪ್ಲೇಟ್‌ಗಳ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರೋದು) ಒಂದು ಕೂದಲಷ್ಟು ತಪ್ಪಿದ್ರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು, ಅದರಲ್ಲೂ ಕೆಳಗಿನ ಒತ್ತುಗಳು ಮಸುಕು. ಸಿಂಗಲ್ ಕಲರ್ ಕಾರ್ಡ್, ಸ್ಕ್ರೀನ್ ಪ್ರಿಂಟಿಂಗ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಲೇಸರ್ ಪ್ರಿಂಟರ್‌ನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಕಪ್ಪು ಬಂದ್ರೆ ಮುಗೀತು. ಮಲ್ಟಿಕಲರ್ ಆಫ್‌ಸೆಟ್‌ಗೆ ಮಾತ್ರ ನಾನು ಎಸ್‌ವಿಜಿನ ಸ್ಕ್ರೈಬಸ್ ಅನ್ನೋ ಪುಟವಿನ್ಯಾಸದ ಸಾಫ್ಟ್‌ವೇರ್‌ಗೆ ತಗೊಂಡು ಹೋಗಿ, ಅಲ್ಲಿ ಆ ಕಪ್ಪನ್ನ ಕೆ 100ಕ್ಕೆ ಬದಲಿಸಿ, ಪ್ರಿಂಟರ್‌ಗೆ ಅನ್ನೋ ಆಯ್ಕೆಯಲ್ಲಿ ಪಿಡಿಎಫ್ ತೆಗೀತೀನಿ. ಬ್ಲರ್, ನೆರಳು ಇದ್ರೆ ಸ್ಕ್ರೈಬಸ್ ಅದನ್ನ ತರಲ್ಲ, ಆ ತುಂಡನ್ನ ಮೊದಲೇ ಪಿಎನ್‌ಜಿ ಮಾಡಿಟ್ಕೋಬೇಕು. ಹೌದು, ಸುತ್ತು ದಾರಿನೇ. ದಿನಾ ನಾಲ್ಕು ಮಲ್ಟಿಕಲರ್ ಕೆಲಸ ಇರೋರಿಗೆ ಇದು ಆಗಲ್ಲ, ಅವರು ದುಡ್ಡು ಕೊಟ್ಟು ಸಿಎಂವೈಕೆ ನೇರ ಮಾಡೋ ಸಾಫ್ಟ್‌ವೇರ್ ತಗೊಳ್ಳೋದೇ ಸರಿ.

ಫ್ಲೆಕ್ಸ್‌ಗೆ ಆರ್‌ಜಿಬಿ ಅಷ್ಟು ಕಾಡಲ್ಲ, ಅಲ್ಲಿ ಬೇರೆ ಲೆಕ್ಕ. ಪಿಡಿಎಫ್ ಪುಟದ ಸೈಜ್ 200 ಇಂಚು ದಾಟಿದ್ರೆ ಹಲವು ಕಡೆ ತಕರಾರು, 20 ಅಡಿ ಅಂದ್ರೆ 240 ಇಂಚು. ಹಾಗಾಗಿ ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಮಾಡಿ ಕೊಡ್ತೀವಿ. ಇಲ್ಲಿ ಗಮನಿಸಬೇಕಾದ್ದು, ಇಂಕ್‌ಸ್ಕೇಪ್ ಬ್ಲರ್, ಶ್ಯಾಡೋಗಳನ್ನ ಪಿಡಿಎಫ್‌ನಲ್ಲಿ ಚಿತ್ರ ಮಾಡಿ ಇಡುತ್ತೆ, ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಅಂತ ಸೇವ್ ಡಬ್ಬಿಯಲ್ಲಿ ಕೊಡಬೇಕು. ಪ್ರಿಂಟ್ ಆದಾಗ 72 ಡಿಪಿಐ ಬೇಕು ಅಂದ್ರೆ 12 ಪಟ್ಟು ಚಿಕ್ಕದಿರೋ ಫೈಲ್‌ನಲ್ಲಿ 864 ಬೇಕಾಗುತ್ತೆ. ರಸ್ತೆ ಆಚೆಯಿಂದ ನೋಡೋ ಬ್ಯಾನರ್‌ಗೆ 300, 400 ಸಾಕು, ಡಬ್ಬಿಯಲ್ಲಿ 96 ಇದ್ರೆ ಹಾಗೇ ಬಿಡಬೇಡಿ ಅಷ್ಟೆ, ಹೆಸರಿನ ಹಿಂದಿನ ನೆರಳು ಚೌಕ ಚೌಕ ಕಾಣುತ್ತೆ.

ದೇವಸ್ಥಾನದ ಟ್ರಸ್ಟ್, ಶಾಲೆ, ಸಣ್ಣ ಅಂಗಡಿ, ಹೊಸದಾಗಿ ಕಲಿಯೋರು ಇವರಿಗೆಲ್ಲ ಕಣ್ಣುಮುಚ್ಚಿ ಹಾಕ್ಕೊಳ್ಳಿ ಅಂತೀನಿ, ಪೈಸೆ ಕೊಡಬೇಕಾಗಿಲ್ಲ, ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಬರೋ ವೈರಸ್ ಭಯನೂ ಇಲ್ಲ. ಹೊರಗೆ ಫೈಲ್ ಕಳಿಸುವಾಗ ನಾನು ಒಂದೇ ಜಿಪ್‌ನಲ್ಲಿ ಕರ್ವ್ ಮಾಡಿದ ಪಿಡಿಎಫ್ ಜೊತೆ ಒಂದು ಪಿಎನ್‌ಜಿನೂ ಹಾಕ್ತೀನಿ, ಫೈಲ್ ಹೆಸರಲ್ಲೇ ಅಳತೆ ಬರೀತೀನಿ. ಪಿಎನ್‌ಜಿ ಪ್ರಿಂಟ್‌ಗಲ್ಲ, ಆ ಕಡೆಯವರು ತಮ್ಮ ಸ್ಕ್ರೀನ್ ಮೇಲೆ ಬಂದಿದ್ದನ್ನ ಪಕ್ಕದಲ್ಲಿಟ್ಟು ಹೋಲಿಸೋಕೆ. ಎಸ್‌ವಿಜಿ ಮಾತ್ರ ಯಾರಿಗೂ ಕಳಿಸಲ್ಲ, ಅದು ನನ್ನ ಹಾರ್ಡ್‌ಡಿಸ್ಕ್‌ನಲ್ಲೇ ಇರುತ್ತೆ.