ಹನೌಮಾ ಬೇ: ಬೆಳಗಿನ ಸ್ಲಾಟ್ ಸಿಕ್ಕರಷ್ಟೇ ಕ್ಯಾಮೆರಾ ಒಯ್ಯಿರಿ

ಹವಾಯಿಯ ಓಹೂ ದ್ವೀಪದ ಆಗ್ನೇಯ ಮೂಲೆಯಲ್ಲಿರುವ ಹನೌಮಾ ಬೇ, ಒಂದು ಬದಿ ಒಡೆದು ಕಡಲು ಒಳನುಗ್ಗಿದ ಹಳೆಯ ಜ್ವಾಲಾಮುಖಿ ಬಾಯಿ. 1967ರಲ್ಲಿ ಇದನ್ನು ಸಂರಕ್ಷಿತ ಕಡಲ ಪ್ರದೇಶ ಎಂದು ಘೋಷಿಸಿ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಹವಾಯಿಯಲ್ಲಿ ಅಂಥ ಘೋಷಣೆ ಅದೇ ಮೊದಲು. ಅದರ ಫಲ ಸೊಂಟದ ಮಟ್ಟದ ನೀರಲ್ಲೇ ಕಾಣುತ್ತದೆ: ಮೊಳದುದ್ದದ ಮೀನುಗಳು ಮನುಷ್ಯರನ್ನು ಕಂಡು ಓಡುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಲ್ಲಿ ದೋಣಿಯಿಂದ ನೇರ ಆಳದ ನೀರಿಗೆ ಇಳಿಯಬೇಕು, ಇಲ್ಲಿ ಮರಳಿನಿಂದ ನಡೆದೇ ನೀರಿಗಿಳಿದು ಸ್ನಾರ್ಕೆಲಿಂಗ್ ಮಾಡಬಹುದು, ಅಂದರೆ ಮಾಸ್ಕ್ ತೊಟ್ಟು, ಉಸಿರಿನ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತ ನೋಡಬಹುದು.

ಒಂದು ಮಾತು ಮೊದಲೇ ಹೇಳಬೇಕು. ಬಣ್ಣಬಣ್ಣದ ಹವಳದ ತೋಟ ನೋಡುವ ಆಸೆಯಿದ್ದರೆ ದಡದ ಹತ್ತಿರ ನಿರಾಸೆಯಾಗುತ್ತದೆ. ದಡದ ಬದಿಯ ಹವಳದಿಬ್ಬದ (ರೀಫ್) ಬಹುಭಾಗ ಪಾಚಿ ಮೆತ್ತಿದ ಹಳೆಯ ಸುಣ್ಣಬಂಡೆ. ಜೀವಂತ ಹವಳ ಚೆನ್ನಾಗಿರುವುದು ದಿಬ್ಬದ ಆಚೆ, ಆಳದಲ್ಲಿ. ಇಲ್ಲಿಗೆ ಬರುವುದು ಮೀನಿಗಾಗಿ.

ಹೊರಗಿನವರಿಗೆ ಪ್ರವೇಶ ಶುಲ್ಕ 25 ಡಾಲರ್, 12 ವರ್ಷದವರೆಗಿನ ಮಕ್ಕಳಿಗೆ ಉಚಿತ, ಪಾರ್ಕಿಂಗಿಗೆ 3 ಡಾಲರ್. ಸೋಮವಾರ, ಮಂಗಳವಾರ ರಜೆ. ಆ ಎರಡು ದಿನ ನೀರು ತಿಳಿಯಾಗಲು ಬಿಡುವು ಸಿಗುವುದರಿಂದ ಬುಧವಾರ ಬೆಳಿಗ್ಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಬುಕಿಂಗ್ ಆನ್‌ಲೈನ್‌ನಲ್ಲಿ, ಎರಡು ದಿನ ಮುಂಚೆ, ಹವಾಯಿ ಸಮಯ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಬೆಂಗಳೂರಿನಲ್ಲಿ ಆಗ ಅದೇ ದಿನ ರಾತ್ರಿ 10:30. ಊರಲ್ಲಿರುವ ಅಣ್ಣನೋ ಗೆಳತಿಯೋ ಬುಕ್ ಮಾಡಿಕೊಡುತ್ತೇನೆ ಎಂದರೆ ಈ ಲೆಕ್ಕ ಬೇಕಾಗುತ್ತದೆ. ಬೆಳಗಿನ ಸ್ಲಾಟ್‌ಗಳು ನಿಮಿಷಗಳಲ್ಲಿ ಖಾಲಿಯಾಗುತ್ತವೆ, ಹಾಗಾಗಿ ಹೆಸರು, ಕಾರ್ಡ್ ವಿವರ ಎಲ್ಲ ಸಿದ್ಧವಿಟ್ಟುಕೊಂಡೇ ಕೂರಬೇಕು. ದರ, ವೇಳೆ ಬದಲಾಗಿದೆಯೇ ಎಂದು ಹೊನೊಲುಲು ನಗರಾಡಳಿತದ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಒಳಗೆ ಹೋದ ಮೇಲೆ ಒಂಬತ್ತು ನಿಮಿಷದ ಕಿರುಚಿತ್ರ ನೋಡುವುದು ಕಡ್ಡಾಯ. ಹವಳ ಏಕೆ ಮುಟ್ಟಬಾರದು, ಎಲ್ಲಿ ಕಾಲೂರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ತೋರಿಸುತ್ತಾರೆ. ಮಕ್ಕಳನ್ನು ಮುಂದಿನ ಸಾಲಿನಲ್ಲೇ ಕೂರಿಸಿ.

ಬೆಳಗಿನ ಸ್ಲಾಟ್ ಎಂದು ಇಷ್ಟು ಒತ್ತಿ ಹೇಳಲು ಕಾರಣ ಮರಳು. ಒಂಬತ್ತು ಗಂಟೆಯ ಹೊತ್ತಿಗೆ ನೂರಾರು ಜನರ ಕಾಲು, ಫಿನ್ (ಈಜಲು ಕಾಲಿಗೆ ತೊಡುವ ರೆಕ್ಕೆ) ಸೇರಿ ತಳದ ಮರಳನ್ನು ಎಬ್ಬಿಸಿರುತ್ತವೆ. ಗಾಳಿ ಜೋರಾದಂತೆ ಅದು ಕೂರುವುದೂ ಇಲ್ಲ. ಆಮೇಲೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಚಿತ್ರಕ್ಕೆ ಮಂಜು ಮುಸುಕಿದಂತೆ ಕಾಣುತ್ತದೆ. ಉಬ್ಬರ-ಇಳಿತದ ಪಟ್ಟಿಯನ್ನೂ ನೋಡಿ. ಪೂರ್ತಿ ಇಳಿತದಲ್ಲಿ ದಿಬ್ಬದ ಮೇಲೆ ಹೊಟ್ಟೆ ತಾಗುವಷ್ಟೇ ನೀರು, ಪೂರ್ತಿ ಉಬ್ಬರದಲ್ಲಿ ಅಲೆ ದಿಬ್ಬ ದಾಟಿ ಒಳಬಂದು ಎಳೆದಾಡುತ್ತದೆ. ನಡುವಿನ ಮಟ್ಟ ಅನುಕೂಲ.

ಹೊಸಬರು ದಡದ ನಡುಭಾಗಕ್ಕೆ ಹತ್ತಿರವಿರುವ ಕೀಹೋಲ್ ಎಂಬ ಮರಳುತಳದ ಗುಂಡಿಯಲ್ಲಿ ಶುರು ಮಾಡಲಿ. ದಿಬ್ಬವನ್ನು ಸೀಳಿ ಹೊರಹೋಗುವ ಕೇಬಲ್ ಚಾನೆಲ್ ಇನ್ನೊಂದು ಜಾಗ. 1950ರ ದಶಕದಲ್ಲಿ ಸಾಗರದಾಚೆಗೆ ಟೆಲಿಫೋನ್ ತಂತಿ ಎಳೆಯಲು ಸಿಡಿಮದ್ದಿಟ್ಟು ತೆರೆದ ದಾರಿ ಅದು. ಅಲ್ಲಿ ನೀರು ಹೊರಕ್ಕೆ ಸೆಳೆಯುತ್ತದೆ. ಕೊಲ್ಲಿಯ ಬಾಯಿಯಾಚೆ ಹರಿಯುವ ಬಲವಾದ ಸೆಳೆತಕ್ಕೆ ಮೊಲೊಕಾಯ್ ಎಕ್ಸ್‌ಪ್ರೆಸ್ ಎಂದೇ ಹೆಸರು. ದಿಬ್ಬ ದಾಟುವ ಯೋಚನೆ ಇದ್ದರೆ ಲೈಫ್‌ಗಾರ್ಡ್ ಬಳಿ ಕೇಳಿಯೇ ಹೋಗಿ, ಜೊತೆಗೊಬ್ಬರು ಇರಲೇಬೇಕು.

ಮಾಸ್ಕ್ ಬಾಡಿಗೆಗೆ ಸಿಗುತ್ತದೆ, ಆದರೆ ನಿಮ್ಮದೇ ಒಯ್ಯುವುದು ಲೇಸು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಮೀಸೆಯಿದ್ದವರಿಗೆ ಸೋರುವುದು ಮೂಗಿನ ಕೆಳಗೇ, ಅಲ್ಲಿ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿಂದ ಎರಡು-ಮೂರು ಸಲ ಉಜ್ಜಿ ತೊಳೆಯದಿದ್ದರೆ ಏನು ಮಾಡಿದರೂ ಆವಿ ಕಟ್ಟುತ್ತದೆ. ಸ್ನಾರ್ಕೆಲ್ ಸರಳವಾಗಿ, ಅಗಲ ಕೊಳವೆಯದ್ದಿರಲಿ. ಉಸಿರೆಳೆಯಲು ಒದ್ದಾಡಿಸುವ ಸ್ನಾರ್ಕೆಲ್‌ನಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯದ ಬಗ್ಗೆ ಹವಾಯಿಯಲ್ಲೇ ಅಧ್ಯಯನ ನಡೆದಿದೆ. ಏದುಸಿರು ಬಂದರೆ ಕೊಳವೆ ತೆಗೆದು, ಬೆನ್ನ ಮೇಲೆ ಮಲಗಿ ತೇಲಿ, ದಡಕ್ಕೆ ಬನ್ನಿ. ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ರ್‍ಯಾಶ್‌ಗಾರ್ಡ್ (ಮೈಗಂಟುವ ಈಜಿನ ಅಂಗಿ) ಹಾಕಿಕೊಳ್ಳಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮುಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಅಲ್ಲದೆ, ಕೈಯ ಜಿಡ್ಡು ಲೆನ್ಸಿಗೂ ಅಂಟುತ್ತದೆ.

ಈ ಜಾಗಕ್ಕೆ ಹೇಳಿ ಮಾಡಿಸಿದ ಕ್ಯಾಮೆರಾ ಒಲಿಂಪಸ್ ಟಿಜಿ-6, ಅಥವಾ ಅದರ ಮುಂದಿನ ಓಎಂ ಸಿಸ್ಟಮ್ ಟಿಜಿ-7. ಹೊರಕವಚವಿಲ್ಲದೆ 15 ಮೀಟರ್ ಆಳದವರೆಗೆ ತಡೆಯುತ್ತವೆ, ಕೀಹೋಲ್‌ಗೆ ಅದು ಧಾರಾಳ. ಆದರೆ ಇವು ತೇಲುವುದಿಲ್ಲ, ತೇಲುವ ಕೈಪಟ್ಟಿ ಮರೆಯಬೇಡಿ. ಬ್ಯಾಟರಿ, ಕಾರ್ಡ್ ಹಾಕುವ ಕೆಲಸ ಹೋಟೆಲಿನಲ್ಲೇ ಮುಗಿಸಿ, ಎರಡೂ ಮುಚ್ಚಳಗಳ ಬೀಗ ಬಿದ್ದಿದೆಯೇ ನೋಡಿ, ಮರಳಲ್ಲಿ ಮತ್ತೆ ತೆರೆಯಬೇಡಿ. ರಬ್ಬರ್ ಅಂಚಿನ ಮೇಲೆ ಕೂತ ಒಂದು ಮರಳ ಕಣ, ಒಂದು ಕೂದಲು ಸಾಕು ನೀರು ಒಳಬರಲು. ಮೇಲಿನ ಲಾಗ್ ಗುಂಡಿ ಆನ್ ಸ್ಥಾನಕ್ಕೆ ಸರಿದಿದ್ದರೆ ಜಿಪಿಎಸ್ ಓಡುತ್ತಲೇ ಇದ್ದು ಬ್ಯಾಟರಿ ಖಾಲಿಯಾಗಿರುತ್ತದೆ. ಇದು ಬಹಳ ಜನರಿಗೆ ಗೊತ್ತಾಗುವುದೇ ಇಲ್ಲ.

ಈ ಕ್ಯಾಮೆರಾಗಳ ದೊಡ್ಡ ಕೊರತೆ, ಶಟರ್ ವೇಗವನ್ನು, ಅಂದರೆ ಚಿತ್ರಕ್ಕೆ ಬೆಳಕು ಬೀಳುವ ಅವಧಿಯನ್ನು ನಾವೇ ನಿಗದಿ ಮಾಡಲಾಗದು. ತೂಗಾಡುವ ನೀರಿನಲ್ಲಿ 1/250 ಸೆಕೆಂಡಿಗಿಂತ ನಿಧಾನವಾದರೆ ಮೀನು ಮಸುಕಾಗುತ್ತದೆ. ಹಾಗಾಗಿ ಐಎಸ್‌ಓ (ಬೆಳಕಿಗೆ ಸಂವೇದನೆ) 200ರಿಂದ 400ಕ್ಕೆ ಕಟ್ಟಿಹಾಕಿ, ಝೂಮ್ ಮುಟ್ಟದೆ ಅಗಲ ತುದಿಯಲ್ಲೇ ಎಫ್/2ರಲ್ಲಿ, ಅಂದರೆ ಲೆನ್ಸ್ ಕಿಂಡಿ ಪೂರ್ತಿ ತೆರೆದು ತೆಗೆಯಿರಿ. ಪೂರ್ತಿ ಝೂಮ್ ಮಾಡಿದರೆ ಎಫ್/4.9ಕ್ಕೆ ಇಳಿದು ಬೆಳಕೂ ಹೋಗುತ್ತದೆ, ನಡುವಿನ ನೀರಿನಿಂದ ಸ್ಪಷ್ಟತೆಯೂ ಹೋಗುತ್ತದೆ. ಫ್ಲಾಶ್ ಆಫ್, ಅದು ಮೀನಿಗಿಂತ ಮೊದಲು ತೇಲುವ ಕಣಗಳನ್ನು ಬೆಳಗಿ ಚಿತ್ರದ ತುಂಬ ಬಿಳಿಚುಕ್ಕೆ ಎರಚುತ್ತದೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಉಳಿಸಿಕೊಂಡರೆ ಆಮೇಲೆ ಸರಿಪಡಿಸಬಹುದು, ಇಲ್ಲವೇ ಬಿಳಿ ಪ್ಲಾಸ್ಟಿಕ್ ಹಲಗೆ ಹಿಡಿದು ಆ ಆಳದಲ್ಲೇ ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಹೊಂದಿಸಿ.

ಗೋಪ್ರೊ ವಿಡಿಯೊಗೆ ಚೆನ್ನ, ಗೇಣುದ್ದದ ಹತ್ತಿರಕ್ಕೆ ಹೋದರೆ ಫೋಕಸ್ ಸಿಗದು. ಫೋನಿಗೆ ಪ್ಲಾಸ್ಟಿಕ್ ಚೀಲ ಹಾಕಿ ಒಯ್ಯುವವರಿಗೆ ನೀರಡಿ ಟಚ್ ಕೆಲಸ ಮಾಡುವುದಿಲ್ಲ; ಕ್ಯಾಮೆರಾ ಮೊದಲೇ ತೆರೆದಿಟ್ಟು ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಬೇಕು.

ಮೀನಿನ ಹಿಂದೆ ಈಜಿದರೆ ಸಿಗುವುದು ಬಾಲದ ಚಿತ್ರ. ಮರಳಿನ ಮೇಲ್ಭಾಗದಲ್ಲಿ ಫಿನ್ ಆಡಿಸದೆ ತೇಲುತ್ತ, ಸೂರ್ಯನನ್ನು ಬೆನ್ನಿಗಿಟ್ಟು ಒಂದೇ ಬಂಡೆಯ ಮುಂದೆ ಹತ್ತು ನಿಮಿಷ ಕಾಯಿರಿ. ಮೊದಲು ಕರಕರ ಸದ್ದು ಕೇಳುತ್ತದೆ. ಅದು ಊಹು, ಅಂದರೆ ಗಿಳಿಮೀನು ಬಂಡೆಯ ಪಾಚಿ ಕೆರೆಯುವ ಸದ್ದು. ಕಚ್ಚಿದ ಜಾಗದಲ್ಲಿ ಬಿಳಿ ಗೀರು ಉಳಿಯುತ್ತದೆ, ಮೀನು ಅರ್ಧ ಅಡಿ ಹಿಂದೆ ಸರಿದು ಮತ್ತೆ ಬರುತ್ತದೆ. ಕ್ಲಿಕ್ಕಿಸಬೇಕಾದ ಕ್ಷಣ ಅದು. ಹವಾಯಿಯ ರಾಜ್ಯಮೀನು ಹುಮುಹುಮುನುಕುನುಕುಆಪುಆಅ (ಒಂದು ಬಗೆಯ ಟ್ರಿಗರ್‌ಫಿಶ್) ಬೆದರಿದರೆ ಬಿರುಕಿಗೆ ನುಗ್ಗಿ ಬೆನ್ನಮುಳ್ಳು ನಿಲ್ಲಿಸಿ ಅಲ್ಲೇ ಸಿಕ್ಕಿಸಿಕೊಳ್ಳುತ್ತದೆ. ಬೆರಳು ಹಾಕಿ ಎಬ್ಬಿಸಬೇಡಿ, ದೂರ ನಿಂತರೆ ತಾನೇ ಬರುತ್ತದೆ. ಬಂಡೆ ಕೊರೆದು ಕೂತ ಕಡಲಮುಳ್ಳುಚೆಂಡುಗಳಿಗೆ (ಸೀ ಅರ್ಚಿನ್) ಟಿಜಿಯ ಮೈಕ್ರೊಸ್ಕೋಪ್ ಮೋಡ್ 1 ಸೆಂಟಿಮೀಟರ್‌ವರೆಗೆ ಫೋಕಸ್ ಮಾಡುತ್ತದೆ. ಅಲೆಯ ತೂಗಾಟಕ್ಕೆ ಬರ್ಸ್ಟ್ (ಒಂದರ ಹಿಂದೊಂದು ತೆಗೆಯುವ ಮೋಡ್) ಇಟ್ಟು ಹತ್ತು ತೆಗೆದು ಒಂದನ್ನು ಉಳಿಸಿಕೊಳ್ಳಿ.

ಹಸಿರು ಕಡಲಾಮೆ ಹೋನು ಕಂಡರೆ ಕನಿಷ್ಠ 3 ಮೀಟರ್ ದೂರವಿರಿ. ಮಾಸ್ಕಿನೊಳಗಿಂದ ವಸ್ತುಗಳು ಕಾಲು ಭಾಗ ಹತ್ತಿರವಾಗಿ ಕಾಣುತ್ತವೆ. ಸುಮಾರು 3 ಮೀಟರ್ ಎನಿಸಿದಾಗ ನಿಜಕ್ಕೂ 4 ಇರುತ್ತದೆ, ತಪ್ಪಿದರೂ ಆಮೆಗೆ ಒಳ್ಳೆಯದೇ. ಉಸಿರಾಡಲು ಮೇಲೇಳುವ ದಾರಿಗೆ ಮಾತ್ರ ಅಡ್ಡ ಹೋಗಲೇಬೇಡಿ.

ಮುಗಿಸಿ ಬಂದ ಮೇಲೆ ಶವರಿನಲ್ಲಿ ತೊಳೆದು, ರೂಮಿನಲ್ಲಿ ಮುಚ್ಚಳ ಹಾಕಿದ ಹಾಗೇ ಕ್ಯಾಮೆರಾವನ್ನು ಸಿಹಿನೀರಲ್ಲಿ ನೆನೆಸಿ, ಒಣಗಿದ ನಂತರವೇ ತೆರೆಯಿರಿ.

ದಿನ ಆರಿಸುವಾಗ ಹುಣ್ಣಿಮೆ ಕಳೆದ ಎಂಟರಿಂದ ಹತ್ತನೆಯ ದಿನ ಬಿಟ್ಟುಬಿಡಿ. ಓಹೂವಿನ ದಕ್ಷಿಣ ದಡಗಳಿಗೆ ಆಗ ಬಾಕ್ಸ್ ಜೆಲ್ಲಿಫಿಶ್ ಬರುತ್ತವೆ, ಕೊಲ್ಲಿಯನ್ನು ಮುಚ್ಚಿದ್ದೂ ಉಂಟು. ಸ್ಲಾಟ್ ಸಿಗದಿದ್ದರೆ, ಬೇಸಿಗೆಯಾದರೆ ಮಾತ್ರ, ಉತ್ತರ ದಡದ ಪೂಪೂಕೇಅ ಸಂರಕ್ಷಿತ ಪ್ರದೇಶದ ಶಾರ್ಕ್ಸ್ ಕೋವ್‌ಗೆ ಹೋಗಬಹುದು. ಶುಲ್ಕವಿಲ್ಲ, ಆದರೆ ಬಂಡೆಗಳು ಹರಿತ. ನೀರಿನ ಶೂ ಬೇಕೇ ಬೇಕು. ಚಳಿಗಾಲದಲ್ಲಿ ಆ ದಡದ ಅಲೆ ದೊಡ್ಡದು, ನೀರಿಗಿಳಿಯಬೇಡಿ.